ಪರದೆಯ ಹಿಂದಿನ ಕೇಬಲ್: ಹದಿನಾರು ಸುತ್ತು ಕೇಳಿ ನೋಡಿದ್ದು

ಹೆಬ್ಬೆರಳು ದಪ್ಪದ ಆ ದುಬಾರಿ ಸ್ಪೀಕರ್ ಕೇಬಲ್ಲನ್ನು ಜೋಡಿಸಿದ ಮೊದಲ ಸಂಜೆ, ಪಿಟೀಲಿನ ಕಮಾನು ತಂತಿಯನ್ನು ತಾಗುವ ಸದ್ದು ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ನನಗೆ ಸಂದೇಹವೇ ಇರಲಿಲ್ಲ. ತಮ್ಮ ಮಾತ್ರ, "ಅಣ್ಣಾ, ಕಣ್ಣಿಗೆ ಕಾಣದಂತೆ ಬದಲಿಸಿದರೂ ಗುರುತಿಸುತ್ತೀಯಾ?" ಎಂದು ಕೇಳಿದ.

ಮೊದಲು ಲೆಕ್ಕ ಹಾಕಿದೆ. ನನ್ನ ಹಳೆಯದು 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ. ಮೀಟರಿಗೆ ಸುಮಾರು 7 ಮಿಲಿಓಮ್ ರೋಧ. 3 ಮೀಟರ್ ಹೋಗಿ ಬರುವ ದಾರಿಗೆ 0.042 ಓಮ್. 8 ಓಮ್ ಸ್ಪೀಕರಿನ ಎದುರು ಇದರಿಂದಾಗುವ ನಷ್ಟ 0.05 ಡೆಸಿಬೆಲ್ ಕೂಡ ಮುಟ್ಟುವುದಿಲ್ಲ. ತೀರಾ ಸಣ್ಣ ತಂತಿಯನ್ನು ಹತ್ತಾರು ಮೀಟರ್ ಎಳೆದರೆ ಮಾತು ಬೇರೆ. ಅಲ್ಲಿ ವ್ಯತ್ಯಾಸ ನಿಜ. ನನ್ನ ಕೋಣೆಯಲ್ಲಿ ಅಂಥ ದೂರವಿರಲಿಲ್ಲ.

ಹಾಗಾದರೆ ನಾನು ಕೇಳಿದ್ದೇನು? ಕೇಬಲ್ ಬದಲಿಸಲು ಅಂಪ್ಲಿಫೈಯರ್ ಆರಿಸಿ, ಮತ್ತೆ ಹಚ್ಚಿ, ಧ್ವನಿಯ ಗುಂಡಿಯನ್ನು ಅಂದಾಜಿನ ಮೇಲೆ ತಿರುಗಿಸಿದ್ದೆ. ಅದೇ ಕ್ರಮವನ್ನು ಮತ್ತೊಮ್ಮೆ ಮಾಡಿ, 100 ಹರ್ಟ್ಸ್ ಸ್ವರ ನುಡಿಸಿ, ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದೆ. (ಸಾಮಾನ್ಯ ಮಲ್ಟಿಮೀಟರುಗಳು ಹೆಚ್ಚಿನ ಆವರ್ತನದಲ್ಲಿ ತಪ್ಪು ತೋರಿಸುತ್ತವೆ, ಹಾಗಾಗಿ ಕೆಳಗಿನ ಸ್ವರವೇ ಒಳ್ಳೆಯದು.) ಮೊದಲು 2.00 ವೋಲ್ಟ್, ಎರಡನೆಯ ಸಲ 2.14. ಸುಮಾರು 0.6 ಡೆಸಿಬೆಲ್ ಏರಿಕೆ. ಇಷ್ಟು ಚಿಕ್ಕ ಏರಿಕೆ ಕಿವಿಗೆ ಜೋರು ಎನಿಸುವುದಿಲ್ಲ, ಚೆಂದ ಎನಿಸುತ್ತದೆ.

ಆಮೇಲೆ ಪರೀಕ್ಷೆ. 1950ರಲ್ಲಿ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ ವಿವರಿಸಿದ ಎಬಿಎಕ್ಸ್ ವಿಧಾನವನ್ನೇ ಅನುಸರಿಸಿದೆ: ಮೊದಲು 'ಎ', ನಂತರ 'ಬಿ', ಕೊನೆಗೆ ಗುರುತು ಹೇಳದ 'ಎಕ್ಸ್'. ಅದು ಎರಡರಲ್ಲಿ ಯಾವುದೆಂದು ನಾನು ಹೇಳಬೇಕು. ಎರಡೂ ಕೇಬಲ್ಲುಗಳನ್ನು ಒಂದು ಸ್ವಿಚ್ಚಿಗೆ ಕಟ್ಟಿದೆ, ಏಕೆಂದರೆ ಕೈಯಲ್ಲಿ ಬಿಚ್ಚಿ ಹಾಕುವಷ್ಟರಲ್ಲಿ ಸೂಕ್ಷ್ಮ ಸದ್ದಿನ ನೆನಪು ಮಸುಕಾಗಿಬಿಡುತ್ತದೆ. ತಮ್ಮ ಪರದೆಯ ಹಿಂದೆ ಕುಳಿತು ನಾಣ್ಯ ಚಿಮ್ಮಿ 'ಎಕ್ಸ್' ಆರಿಸುತ್ತಿದ್ದ. ಸ್ವಿಚ್ಚಿನ ಟಿಕ್ ಸದ್ದು ಸುಳಿವು ಕೊಡಬಾರದೆಂದು ಪ್ರತಿ ಸಲವೂ ಅದನ್ನು ಎಂಟು ಹತ್ತು ಬಾರಿ ಅತ್ತಿತ್ತ ಆಡಿಸಿ ನಿಲ್ಲಿಸುತ್ತಿದ್ದ. ಮಾತಿಲ್ಲ, ಕೆಮ್ಮಿಲ್ಲ. ಕಿವಿ ದಣಿಯದಿರಲೆಂದು ಹದಿನಾರು ಸುತ್ತುಗಳನ್ನು ಎರಡು ಸಂಜೆಗೆ ಹಂಚಿಕೊಂಡೆವು.

ಹದಿನಾರರಲ್ಲಿ ಒಂಬತ್ತು ಸರಿ. ಸುಮ್ಮನೆ ಊಹಿಸಿದರೂ ಸರಾಸರಿ ಎಂಟು ಬರುತ್ತದೆ. ಹನ್ನೆರಡು ಬಂದಿದ್ದರೆ ಕಿವಿ ಏನನ್ನೋ ಹಿಡಿದಿದೆ ಎನ್ನಬಹುದಿತ್ತು; ಊಹೆಯಿಂದಲೇ ಹನ್ನೆರಡು ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಏಳನೆಯ ಸುತ್ತು ಇಂದಿಗೂ ಮನಸ್ಸಿನಲ್ಲಿದೆ. ಪಿಟೀಲು ಅದೇ ಮೊದಲ ಸಂಜೆಯಂತೆ ಹೊಳೆಯಿತು, ಹೊಸ ಕೇಬಲ್ಲೇ ಎಂದು ಎಳ್ಳಷ್ಟೂ ಅನುಮಾನವಿಲ್ಲದೆ ಬರೆದೆ. ನುಡಿಯುತ್ತಿದ್ದದ್ದು ಹಳೆಯ ತಂತಿ.

ನನಗಾದ ಆನಂದ ಸುಳ್ಳಲ್ಲ, ಅದಕ್ಕೆ ಹೇಳಿದ ಕಾರಣ ಸುಳ್ಳು. ಅದೇ ಕೇಬಲ್ಲಿನ ಮೇಲೆ ಸಂಕೇತ ಯಾವ ಕಡೆ ಹರಿಯಬೇಕೆಂದು ಬಾಣದ ಗುರುತಿತ್ತು. ಸ್ಪೀಕರಿಗೆ ಹೋಗುವುದು ಪರ್ಯಾಯ ವಿದ್ಯುತ್, ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ದಿಕ್ಕು ಬದಲಿಸುವಂಥದು. ಸಂಗೀತವನ್ನು ಪ್ರೀತಿಸಿ ಹಣ ಕೂಡಿಡುವವರಿಗೆ ಇಂಥದ್ದನ್ನು ವಿಜ್ಞಾನವೆಂದು ಮಾರುವುದು ಅನ್ಯಾಯ.

ಕೇಬಲ್ಲನ್ನು ಮರಳಿಸಿ, ಕೋಣೆಯತ್ತ ತಿರುಗಿದೆ. ಉದ್ದ 3.5 ಮೀಟರ್, ಅಂದರೆ ಸುಮಾರು 49 ಹರ್ಟ್ಸಿನಲ್ಲಿ ಗೋಡೆಯಿಂದ ಗೋಡೆಗೆ ಅನುರಣನ, ಆ ಕೆಳಸ್ವರ ಉಬ್ಬಿ ಜೋರಾಗುತ್ತದೆ. ನಾನು ಕೂರುತ್ತಿದ್ದದ್ದು ಹಿಂದಿನ ಗೋಡೆಗೆ ಒರಗಿ, ಆ ಉಬ್ಬು ಅತಿ ಜೋರಾಗಿರುವ ಜಾಗದಲ್ಲೇ. ಕುರ್ಚಿಯನ್ನು ಒಂದು ಮೀಟರ್ ಮುಂದಕ್ಕೆಳೆದು ಮೈಕಿನಲ್ಲಿ ಅಳೆದಾಗ ಉಬ್ಬು 8 ಡೆಸಿಬೆಲ್ ಇಳಿದಿತ್ತು. ಯಾವಾಗಲೂ ಒಂದೇ ಗುಂಯ್‌ಕಾರವಾಗಿ ಕೇಳಿಸುತ್ತಿದ್ದ ಡಬಲ್ ಬಾಸ್‌ನಲ್ಲಿ ಈಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತಿದೆ.