ಟಿಲ್ಲರ್ ಪೈಲಟ್‌ಗೆ ಚುಕ್ಕಾಣಿ ಬಿಟ್ಟುಕೊಡುವ ಮೊದಲು

ನಮ್ಮದು ವೆಸ್ಟರ್ಲಿ ಸೆಂಟಾರ್, 26 ಅಡಿಯ ಹಾಯಿದೋಣಿ. 1969ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ತಯಾರಾದ ಮಾದರಿ. ತಳದಲ್ಲಿ ಎರಡು ಕೀಲ್, ಅಂದರೆ ನೀರಿನೊಳಗೆ ಇಳಿದಿರುವ ಭಾರದ ರೆಕ್ಕೆಗಳು, ಇರುವುದರಿಂದ ಇಳಿತದಲ್ಲಿ ನೀರು ಬತ್ತಿದರೂ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಲಿಮಿಂಗ್ಟನ್ ನದಿಯಿಂದ ಹೊರಟು ಸೊಲೆಂಟ್‌ನಲ್ಲಿ, ಅಂದರೆ ಐಲ್ ಆಫ್ ವೈಟ್ ದ್ವೀಪಕ್ಕೂ ದಡಕ್ಕೂ ನಡುವಿನ ಕಡಲಿನಲ್ಲಿ, ವಾರಾಂತ್ಯ ಕಳೆಯುವುದು ನಮ್ಮ ರೂಢಿ. ಹೆಂಡತಿಗೆ ದೋಣಿ ಇಷ್ಟ, ಚುಕ್ಕಾಣಿ ಹಿಡಿಯುವುದು ಮಾತ್ರ ಬೇಡ. ಹಾಗಾಗಿ ಹಾಯಿ ಏರಿಸುವುದು, ನಕ್ಷೆ ನೋಡುವುದು, ಚಹಾಕ್ಕೆ ನೀರಿಡುವುದು ಎಲ್ಲಕ್ಕೂ ನಾನೇ. ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು, ಬಿಟ್ಟು ಎದ್ದರೆ ಸ್ವಲ್ಪ ಹೊತ್ತಿಗೇ ದೋಣಿ ಗಾಳಿಗೆ ಮೂತಿಯೊಡ್ಡಿ, ಹಾಯಿ ಪಟಪಟ ಬಡಿಯುತ್ತ ನಿಂತುಬಿಡುತ್ತದೆ.

ಅದಕ್ಕಾಗಿ ಹಾಕಿಸಿಕೊಂಡದ್ದು ಟಿಲ್ಲರ್ ಪೈಲಟ್. ಕರಿ ಪ್ಲಾಸ್ಟಿಕ್ಕಿನ ಒಂದು ಉದ್ದ ಡಬ್ಬಿ, ಅದರ ತುದಿಯಿಂದ ಒಳಗೂ ಹೊರಗೂ ಸರಿಯುವ ಒಂದು ಸರಳು, ಇಷ್ಟೇ. ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ, ಚಿಕ್ಕ ಮೋಟಾರು. ಬಟನ್ ಒತ್ತಿದ ಕ್ಷಣ ದೋಣಿ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನು ನೆನಪಿಟ್ಟುಕೊಂಡು, ತಪ್ಪಿದರೆ ಸರಳಿನಿಂದ ಟಿಲ್ಲರನ್ನು ತಳ್ಳಿಯೋ ಎಳೆದೋ ಸರಿಮಾಡುತ್ತದೆ.

ಕೊಳ್ಳುವಾಗ ತೂಕದ ಲೆಕ್ಕ ಮುಖ್ಯ. ರೇಮರೀನ್ ಕಂಪನಿಯ ಎಸ್‌ಟಿ1000 ಪ್ಲಸ್‌ಗೆ ಮಿತಿ 3,000 ಕಿಲೊ, ಎಸ್‌ಟಿ2000 ಪ್ಲಸ್‌ಗೆ 4,500. ಸೆಂಟಾರ್ ಖಾಲಿಯಿದ್ದಾಗಲೇ ಮೂರು ಟನ್. ನೀರಿನ ಟ್ಯಾಂಕು, ಲಂಗರಿನ ಸರಪಳಿ, ಇಂಧನ, ನಾಲ್ಕು ಜನ ಸೇರಿದರೆ ಅದರ ಮೇಲೆ ಐದನೇ ಒಂದು ಪಾಲು ಹೆಚ್ಚೇ ಆಗುತ್ತದೆ. ಹಾಗಾಗಿ ದೊಡ್ಡದನ್ನೇ ತಂದೆ. ಅದರ ಸ್ಕ್ರೂ ಗುಂಡುಗಳ ಮೇಲೆ ಉರುಳುವಂಥದ್ದು, ಸರಳು ಚುರುಕಾಗಿ ಓಡುತ್ತದೆ. ಅಲೆ ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ದೂಡಿದಾಗ ತಿದ್ದಿಕೊಳ್ಳಲು ಬೇಕಾಗುವುದು ಆ ಚುರುಕೇ.

ಕೂರಿಸುವ ಕೆಲಸವನ್ನು ನಾನೇ ಮಾಡಿದೆ. ಚುಕ್ಕಾಣಿಯ ಅಕ್ಷದಿಂದ ಟಿಲ್ಲರಿನ ಮೇಲಿನ ಪಿನ್ನಿಗೆ 460 ಮಿಲಿಮೀಟರ್, ದೋಣಿಯ ನಡುಗೆರೆಯಿಂದ ಬಲಬದಿಯ ಆಸನದಲ್ಲಿ ಯಂತ್ರದ ಬುಡ ಕೂರುವ ಸಾಕೆಟ್ಟಿಗೆ 589. ಈ ಎರಡು ಅಳತೆಯಲ್ಲಿ ರಾಜಿ ಇಲ್ಲ. ಟಿಲ್ಲರ್ ನಡುವಿನಲ್ಲಿದ್ದಾಗ ಸರಳು ಅದಕ್ಕೆ ಲಂಬವಾಗಿರಬೇಕು, ಮಟ್ಟವಾಗಿಯೂ ಇರಬೇಕು. ನಮ್ಮ ಆಸನ ಟಿಲ್ಲರಿಗಿಂತ ತಗ್ಗಿನಲ್ಲಿರುವುದರಿಂದ ಟಿಲ್ಲರಿನ ಕೆಳಗೆ ಇಳಿಬಿಡುವ ಒಂದು ಬ್ರಾಕೆಟ್ ಬೇಕಾಯಿತು. ಡ್ರಿಲ್ ಮುಟ್ಟುವ ಮೊದಲು ಕಾಗದದ ಟೇಪಿನಲ್ಲಿ ಎಲ್ಲ ಗುರುತು ಹಾಕಿ, ಟಿಲ್ಲರನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಸರಳು ಎಲ್ಲಿಯೂ ತಾಗುವುದಿಲ್ಲವೆಂದು ನೋಡಿಕೊಂಡೆ. ಸಾಕೆಟ್ಟಿನ ಅಡಿಗೆ, ಫೈಬರ್ ಗ್ಲಾಸಿನ ಒಳಮೈಗೆ, ಒಂದು ಪ್ಲೈವುಡ್ ತುಂಡನ್ನು ಎಪಾಕ್ಸಿಯಿಂದ ಅಂಟಿಸಿದೆ. ಸರಳಿನ ನೂಕುಬಲವೆಲ್ಲ ಆ ಒಂದು ತೂತಿನ ಮೇಲೆ ಬೀಳುತ್ತದೆ. ಬರೀ ಫೈಬರ್ ಅದನ್ನು ಬಹಳ ಕಾಲ ತಡೆಯಲಾರದು.

ವೈರಿಂಗಿನಲ್ಲಿ ಎರಡೇ ಮಾತು: ದಪ್ಪ ತಂತಿ, ಪ್ರತ್ಯೇಕ ಫ್ಯೂಸು. ಯಂತ್ರ ಎಳೆಯುವುದು ಅರ್ಧದಿಂದ ಒಂದೂವರೆ ಆಂಪಿಯರ್. ಹತ್ತು ಗಂಟೆ ಓಡಿದರೂ ಐದರಿಂದ ಹದಿನೈದು ಆಂಪಿಯರ್ ಅವರ್, ಬ್ಯಾಟರಿಗೆ ದೊಡ್ಡ ಹೊರೆಯಲ್ಲ. ತೊಂದರೆ ಶುರುವಾಗುವುದು ಹೊರಗಿರುವ ಪ್ಲಗ್ಗಿನಲ್ಲಿ. ಉಪ್ಪುನೀರಿಗೆ ಅದರ ಪಿನ್ನುಗಳು ಹಸಿರು ಕಟ್ಟುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಯಂತ್ರ ಕಾರಣವಿಲ್ಲದೆ ಆಫ್ ಆದಂತೆ ಕಾಣುತ್ತದೆ. ಪ್ರತಿ ಸಲ ಹೊರಡುವಾಗ ಪಿನ್ನು ಒರೆಸಿ ತುಸು ಗ್ರೀಸ್ ಹಚ್ಚುತ್ತೇನೆ.

ಇನ್ನು ದಿಕ್ಸೂಚಿ. ಹತ್ತಿರದಲ್ಲಿ ಫೋನು, ಸ್ಪೀಕರು, ಕಬ್ಬಿಣದ ಸಲಕರಣೆ ಇರಕೂಡದು. 80 ಸೆಂಟಿಮೀಟರ್ ದೂರವಿದ್ದರೆ ಸಾಕು. ದೋಣಿಯಲ್ಲಿರುವ ಎಂಜಿನ್ನಿನ ಕಬ್ಬಿಣಕ್ಕೂ ಅದನ್ನು ಹೊಂದಿಸಬೇಕು. ಅಲೆಯಿಲ್ಲದ ಬೆಳಿಗ್ಗೆ, ಉಬ್ಬರ-ಇಳಿತ ಎರಡೂ ನಿಂತ ಹೊತ್ತಿನಲ್ಲಿ, ಎಂಜಿನ್ ಮೇಲೆ 2 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ಕಡಲ ಮೈಲಿ) ದಾಟದಂತೆ ನಿಧಾನವಾಗಿ ಸುತ್ತು ಹೊಡೆಯಬೇಕು. ಅವಸರ ಮಾಡಿದರೆ ಲೆಕ್ಕ ಕೂಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನ ಅಭಿಪ್ರಾಯ ಒಂದೇ: ಟಿಲ್ಲರ್ ಪೈಲಟ್ ನಡೆಸುವುದು ಬಟನ್ನಿನಲ್ಲಿ ಅಲ್ಲ, ಹಾಯಿಯಲ್ಲಿ. ಸೆಂಟಾರ್ ಜಾಸ್ತಿ ವಾಲಿದರೆ ಗಾಳಿಯತ್ತ ತಿರುಗಲು ಹಟ ಮಾಡುತ್ತದೆ. ಆಗ ಯಂತ್ರಕ್ಕೆ ಇಡೀ ಹೊತ್ತು ಟಿಲ್ಲರನ್ನು ಎಳೆದು ಹಿಡಿಯುವುದೇ ಕೆಲಸ. ಅದರ ಮೋಟಾರಿನ ಸದ್ದೇ ನನಗೆ ಅಳತೆಗೋಲು. ‘ಝೀ’ ಎಂದು ಚಿಕ್ಕದಾಗಿ ಮಿಡಿದು ಸುಮ್ಮನಾಗುತ್ತ, ಮತ್ತೆ ಮಿಡಿಯುತ್ತಿದ್ದರೆ ಎಲ್ಲ ಸರಿ. ಬಿಡುವಿಲ್ಲದೆ ಎಳೆದೆಳೆದು ಕೂಗುತ್ತಿದ್ದರೆ ದೊಡ್ಡ ಹಾಯಿಗೆ ರೀಫ್ ಹಾಕಿ ಕಿರಿದು ಮಾಡುತ್ತೇನೆ. ಯಂತ್ರ ಜೋಡಿಸುವ ಮೊದಲು ಟಿಲ್ಲರನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತೇನೆ. ಎರಡು ಬೆರಳಿಗೆ ಬಗ್ಗದ ದೋಣಿಯನ್ನು ಅದರ ಕೈಗೆ ಕೊಡುವುದಿಲ್ಲ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ್ದು ನಮ್ಮ ಮುಂಬಯಿಯಲ್ಲಿ ಕಟ್ಟಿದ ಸುಹೇಲಿಯಲ್ಲಿ. ಗಾಳಿಯ ಬಲದಲ್ಲೇ ದೋಣಿಯ ದಿಕ್ಕು ಹಿಡಿಯುವ ಅವರ ಗಾಳಿಚುಕ್ಕಾಣಿ ದಾರಿಯಲ್ಲೇ ಮುರಿದುಹೋಯಿತು. ಹಾಯಿಗಳನ್ನು ಹೊಂದಿಸಿಯೇ ದೋಣಿ ತನ್ನಷ್ಟಕ್ಕೆ ಹೋಗುವ ಹಾಗೆ ಮಾಡಿಕೊಂಡರು. ನನ್ನದು ವಾರಾಂತ್ಯದ ಸವಾರಿ, ಹೋಲಿಕೆ ಸಲ್ಲದು. ಆದರೂ ಹಾಯಿಯ ಹದ ಎಷ್ಟು ದೊಡ್ಡದು ಅನ್ನುವುದಕ್ಕೆ ಹೇಳಿದೆ.

ಗಾಳಿಗೆ ಎದುರಾಗಿ ಹೋಗುವಾಗ ಯಂತ್ರ ಹಿಡಿಯುವುದು ದಿಕ್ಸೂಚಿಯ ದಿಕ್ಕನ್ನು, ಗಾಳಿಯನ್ನಲ್ಲ. ಗಾಳಿ ಸ್ವಲ್ಪ ತಿರುಗಿದರೂ ಹಾಯಿ ಬಡಿದುಕೊಳ್ಳುತ್ತದೆ. ಅದಕ್ಕೆ ಕೈಯಲ್ಲಿ ಹಿಡಿಯುವುದಕ್ಕಿಂತ ಐದು-ಹತ್ತು ಡಿಗ್ರಿ ಸಡಿಲ ಬಿಡುತ್ತೇನೆ. ದಿಕ್ಕು ಬದಲಿಸುವಾಗ ಒಂದು ಬದಿಯ ಎರಡು ಬಟನ್ ಒಟ್ಟಿಗೆ ಒತ್ತಿದರೆ ತಾನಾಗಿ 100 ಡಿಗ್ರಿ ತಿರುಗುತ್ತದೆ, ನನ್ನ ಎರಡು ಕೈಯೂ ಮುಂದಿನ ಹಾಯಿಯ ಹಗ್ಗಕ್ಕೆ ಸಿಗುತ್ತವೆ. ಕಷ್ಟ ಬರುವುದು ಹಿಂದಿನಿಂದ ಅಲೆ ಬಂದಾಗ. ಅಲೆ ಹಿಂಭಾಗವನ್ನು ಎತ್ತಿ ತಿರುಗಿಸಿದ ಮೇಲೆ ಯಂತ್ರಕ್ಕೆ ಗೊತ್ತಾಗುತ್ತದೆ. ಅಲೆ ಬರುವುದನ್ನು ಬೆನ್ನಲ್ಲೇ ತಿಳಿದು ಮೊದಲೇ ಟಿಲ್ಲರ್ ಎಳೆಯುವುದು ಮನುಷ್ಯ ಮಾತ್ರ. ದೊಡ್ಡ ಹಾಯಿಯ ಬುಡದ ಅಡ್ಡಕಂಬವಾದ ಬೂಮ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಬಂದರೆ ತಲೆ ಒಡೆದೀತು. ಅಂಥ ಕಡಲಿನಲ್ಲಿ ಟಿಲ್ಲರ್ ನನ್ನ ಕೈಯಲ್ಲೇ.

ಸೊಲೆಂಟ್‌ನ ಪ್ರವಾಹದ್ದು ಬೇರೆಯೇ ಲೆಕ್ಕ. ಹರ್ಸ್ಟ್ ಕೋಟೆಯ ಇಕ್ಕಟ್ಟಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು 4 ನಾಟ್ ಮೀರಿ ಓಡುತ್ತದೆ. ದ್ವೀಪದ ಯಾರ್ಮತ್‌ನಿಂದ ಲಿಮಿಂಗ್ಟನ್‌ಗೆ ಅಡ್ಡ ದಾಟುವಾಗ ದೋಣಿಯ ವೇಗ 5 ನಾಟ್, ಅಡ್ಡಕ್ಕೆ ಉಬ್ಬರ 2 ನಾಟ್ ಎಂದಿಟ್ಟುಕೊಳ್ಳಿ. ಯಂತ್ರ ಬಂದರಿನ ಕಡೆಗೇ ಮೂತಿ ಹಿಡಿದಿರುತ್ತದೆ, ದೋಣಿ ಮಾತ್ರ ಪೂರ್ವಕ್ಕೆ ಜಾರುತ್ತಿರುತ್ತದೆ. ಸರಿಯಾಗಿ ತಲುಪಬೇಕಾದರೆ ಮೂತಿಯನ್ನು ಸುಮಾರು 24 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕು: ಯಂತ್ರದ ಮೈನಸ್ ಹತ್ತು ಡಿಗ್ರಿಯ ಬಟನ್ ಎರಡು ಸಲ, ಮೈನಸ್ ಒಂದರದ್ದು ನಾಲ್ಕು ಸಲ. ಆಮೇಲೆ ದಡದ ಮೇಲೆ ಒಂದರ ಹಿಂದೊಂದು ಇರುವ ಎರಡು ಗುರುತು ಹಿಡಿದು ನೋಡುತ್ತೇನೆ. ಅವು ಒಂದರಿಂದೊಂದು ಸರಿಯದಿದ್ದರೆ ದೋಣಿ ನೇರ ಹೋಗುತ್ತಿದೆ ಅಂತ ಅರ್ಥ.

ಕುಂದಾಪುರದಿಂದ ಮಾವ ಬಂದಿದ್ದಾಗ ಸರಳು ತನ್ನಷ್ಟಕ್ಕೆ ಆಡುವುದನ್ನೇ ನೋಡುತ್ತ ಕೂತು, “ಇದ್ಕೆ ನಿದ್ರಿ ಬತ್ತಿಲ್ಯಾ?” ಅಂದರು. “ಬತ್ತಿಲ್ಲೆ ಮಾವ, ಆರೆ ಕಣ್ಣೂ ಕಾಂತಿಲ್ಲೆ” ಅಂದೆ. ಹಡಗುಗಳ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಸದಾ ಕಣ್ಣಿಟ್ಟಿರಬೇಕು ಎನ್ನುತ್ತದೆ, ಯಂತ್ರವಿದ್ದವರಿಗೆ ವಿನಾಯಿತಿಯಿಲ್ಲ. ಸೌತಾಂಪ್ಟನ್‌ಗೆ ಹೋಗುವ 150 ಮೀಟರ್ ಮೀರಿದ ಹಡಗುಗಳ ಮುಂದೆ 1,000 ಮೀಟರ್, ಎರಡೂ ಬದಿಗೆ 100 ಮೀಟರ್ ಒಳಗೆ ಸಣ್ಣ ದೋಣಿಗಳು ಹೋಗುವಂತಿಲ್ಲ. ಆ ದಾರಿಯಲ್ಲಿ ಯಂತ್ರ ಪೆಟ್ಟಿಗೆಯಲ್ಲಿರುತ್ತದೆ. ಬೇರೆ ಕಡೆಯೂ ಸರಳನ್ನು ಪಿನ್ನಿನಿಂದ ಒಂದೇ ಏಟಿಗೆ ಎತ್ತಿಬಿಡುವ ಅಭ್ಯಾಸ ಕೈಗೆ ಇರಲಿ. ಬಟನ್ ಹುಡುಕುವಷ್ಟು ಸಮಯ ಇರುವುದಿಲ್ಲ.

ಇನ್ನೊಂದು ಭಯವೂ ಇದೆ. ಕೈಯಲ್ಲಿ ನಡೆಸುವಾಗ ನೀರಿಗೆ ಬಿದ್ದರೆ ದೋಣಿ ಗಾಳಿಗೆ ತಿರುಗಿ ನಿಂತೀತು. ಯಂತ್ರ ನಡೆಸುತ್ತಿದ್ದರೆ ಅದು ನೆಟ್ಟಗೆ ಹೋಗುತ್ತಲೇ ಇರುತ್ತದೆ. ಹೆಂಡತಿ ಒಳಗೆ ಮಲಗಿದ್ದರೆ ಅವಳಿಗೆ ತಿಳಿಯುವುದೂ ಇಲ್ಲ. ಮುಂಭಾಗಕ್ಕೆ ಹೆಜ್ಜೆ ಇಡುವ ಮೊದಲು ಸೊಂಟದ ಹಗ್ಗದ ಕೊಕ್ಕೆ ದೋಣಿಗೆ ಬೀಳಲೇಬೇಕು, ಸಮುದ್ರ ಕನ್ನಡಿಯ ಹಾಗಿದ್ದರೂ.

ಈ ಯಂತ್ರಗಳಿಗೆ ನೀರು ನುಗ್ಗುವುದು ಸರಳು ಹೊರಬರುವ ಸೀಲಿನಲ್ಲಿ. ಹಳೆ ಹಾಯಿಬಟ್ಟೆಯಲ್ಲಿ ಒಂದು ಮುಸುಕು ಹೊಲಿಸಿದ್ದೇನೆ, ಚಳಿಗಾಲದಲ್ಲಿ ಮನೆಗೆ ತಂದು ಒಣಗಿಸಿ ಇಡುತ್ತೇನೆ. ಆದರೂ ಕೈಕೊಟ್ಟರೆ? ಟಿಲ್ಲರಿನ ಎರಡೂ ಬದಿಗೆ ಆಸನದಲ್ಲಿ ಕೊಕ್ಕೆ ಹಾಕಿ ರಬ್ಬರ್ ಹಗ್ಗ ಕಟ್ಟಿದ್ದೇನೆ. ಹಾಯಿ ಹದವಾಗಿದ್ದರೆ ಚಹಾ ಕುದಿಯುವಷ್ಟು ಹೊತ್ತು ಅದೂ ದೋಣಿಯನ್ನು ಹಿಡಿದಿರುತ್ತದೆ.