ಬರ ಪರಿಹಾರದ ದುಡ್ಡು ಎಲ್ಲಿ ನಿಂತಿತ್ತು?

2023ರ ಮುಂಗಾರು ಕೈಕೊಟ್ಟಿದ್ದು ನೆನಪಿದೆ ಅಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ನಮ್ಮ ಚಳ್ಳಕೆರೆ ಕಡೆ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋಯಿತು. ಗಿಡ ಕಿತ್ತರೆ ಬೇರಲ್ಲಿ ಒಂದೆರಡು ಜೊಳ್ಳು ಕಾಯಿ, ಅಷ್ಟೇ. 2024ರ ಶುರುವಿನಲ್ಲಿ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಬಂತು, ಕೇಂದ್ರದ ಹಣ ಬಿಡುಗಡೆಯಾದ ಮೇಲೆ ಉಳಿದದ್ದು ಬಂತು. ಪಕ್ಕದ ಹೊಲದವರಿಗೆ ಬಂತು ಅಂತ ಹೇಳ್ತಿದ್ದೇನೆ. ನಮ್ಮಪ್ಪನ ಖಾತೆಗೆ ಎರಡೂ ಬರಲಿಲ್ಲ.

ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ, "ಅರ್ಜಿ ಕೊಡು". ಆದರೆ ಈ ದುಡ್ಡು ಅರ್ಜಿ ನೋಡಿ ಬರುವುದಲ್ಲ. ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತನ ನೋಂದಣಿ ಸಂಖ್ಯೆ), ಬೆಳೆ ಸಮೀಕ್ಷೆ (ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಬರೆದುಕೊಳ್ಳುವುದು), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಇವು ನಾಲ್ಕೂ ಒಂದಕ್ಕೊಂದು ತಾಳೆಯಾದರೆ ತಾನೇ ಬರುತ್ತದೆ. ಯಾವುದು ತಪ್ಪಿದೆ ಅಂತ ಗೊತ್ತಿಲ್ಲದೆ ಅರ್ಜಿ ಬರೆದರೆ ಸುಮ್ನೆ ಕಚೇರಿ ಸುತ್ತಬೇಕು.

ಮೊದಲು ಸರ್ಕಾರದ ಜಮೀನು ದಾಖಲೆಗಳಿರುವ ಭೂಮಿ ವೆಬ್‌ಸೈಟಿನಲ್ಲಿ ಪರಿಹಾರ ಪುಟ ತೆಗೆದೆ. ವರ್ಷ, ಹಂಗಾಮು, ವಿಪತ್ತು ಆರಿಸಿದರೆ ದುಡ್ಡು ಹೋಗಿದೆಯೋ ಇಲ್ಲವೋ ಕಾಣುತ್ತದೆ. ಅಪ್ಪನದು ಏನೂ ಇರಲಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ತೆರೆಸಿ ನೋಡಿದರೆ ಮನೆ ಹತ್ತಿರದ ಒಂದು ಸರ್ವೆ ನಂಬರ್ ಮಾತ್ರ ಅದರಲ್ಲಿತ್ತು, ಶೇಂಗಾ ಹಾಕಿದ 3 ಎಕರೆ 20 ಗುಂಟೆ ಸೇರಿರಲೇ ಇಲ್ಲ. ಪಹಣಿ, ಆಧಾರ್ ಕೊಟ್ಟೆವು, ಸೇರಿಸಿದರು. ಐಡಿ ಇದ್ದರೆ ಸಾಕು ಅಂದುಕೊಂಡವರು ಊರಲ್ಲಿ ಜಾಸ್ತಿ ಜನ, ಒಳಗೆ ಎಷ್ಟು ಹೊಲ ಇದೆ ಅಂತ ನೋಡುವವರು ಕಡಿಮೆ.

ಆಮೇಲೆ ಬ್ಯಾಂಕು. ಪಾಸ್‌ಬುಕ್ ನಂಬರ್ ಕೊಟ್ಟ ಖಾತೆಗೇ ಬರುತ್ತದೆ ಅಂತ ಅಪ್ಪನ ನಂಬಿಕೆ. ಹಾಗಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ ನೋಡಿದರೆ, ಎಂದೋ ತೆರೆದು ಮರೆತ ಖಾತೆ ಜೋಡಣೆಯಾಗಿತ್ತು! ಈಗ ಓಡಾಡುತ್ತಿರುವ ಖಾತೆಗೆ ಬದಲಾಯಿಸಿ ಅಂತ ಬ್ಯಾಂಕಿನಲ್ಲಿ ಫಾರಂ ತುಂಬಿ ಕೊಟ್ಟೆವು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. 2023ರ ಬರಕ್ಕೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. ಹೊಲ ಎಷ್ಟೇ ಇದ್ದರೂ ಎರಡು ಹೆಕ್ಟೇರ್‌ವರೆಗಿನದಕ್ಕೆ ಮಾತ್ರ. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ, ಹಾಗಾಗಿ ನಮ್ಮ ಹೊಲಕ್ಕೆ 12 ಸಾವಿರ. ಬೀಜದ ಖರ್ಚೂ ಪೂರ್ತಿ ಹುಟ್ಟುವುದಿಲ್ಲ, ಆದರೂ ಬಿಡೋಕಾಗುತ್ತಾ?

ಬೆಳೆ ಸಮೀಕ್ಷೆಯನ್ನು ಈಗ ನಾನೇ ಮಾಡುತ್ತೇನೆ. ಆ್ಯಪ್ ಹಾಕಿಕೊಂಡು ಹೊಲದೊಳಗೆ ನಿಂತೇ ಫೋಟೋ ತೆಗೆಯಬೇಕು, ಬದುವಿನ ಆಚೆ ನಿಂತರೆ ಅದು ಒಪ್ಪುವುದಿಲ್ಲ. ನಮ್ಮದು ಶೇಂಗಾ ಜೊತೆ ಅಕ್ಕಡಿ ತೊಗರಿ, ಮಿಶ್ರ ಬೆಳೆ ಅಂತ ಎರಡನ್ನೂ ಹಾಕುತ್ತೇನೆ. ಬೇರೆಯವರು ಬಂದು ಮಾಡಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ಶೇಂಗಾ ಇದ್ದ ಕಡೆ ಬೀಳು ಅಂತ ಬರೆದಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಆದರೆ ಬೆಳೆ ಹೊಲದಲ್ಲಿರುವಾಗಲೇ ಹಾಕಿ. ಕಿತ್ತ ಮೇಲೆ ಏನು ತೋರಿಸುತ್ತೀರಿ?

ಬೇರೆಯವರ ಹೊಲವನ್ನು ಕೋರಿಗೆ (ಪಾಲಿಗೆ) ಮಾಡುವವರ ಕಥೆ ಬೇರೆ. ದುಡ್ಡು ಪಹಣಿಯಲ್ಲಿ ಹೆಸರಿದ್ದವರಿಗೆ, ಬೀಜ ಗೊಬ್ಬರ ಹಾಕಿದವನಿಗೆ ಸಾಲ ಮಾತ್ರ. ಇದು ಸರಿಯಲ್ಲ, ಆದರೆ ಸದ್ಯಕ್ಕೆ ಹೊಲದವರ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಇನ್ನು ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಮೇಲಿನದೆಲ್ಲ ಆಮೇಲೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾವಣೆ) ಮಾಡಿಸಿ, ಅಣ್ಣತಮ್ಮಂದಿರು ಒಪ್ಪಿರುವಾಗಲೇ ಮಾಡಿಸಿ.