ಹಸಿ ಪದರದಲ್ಲಿ ರಾಡು ಸಿಕ್ಕಿಕೊಳ್ಳದ ಹಾಗೆ ಕೊರೆದದ್ದು: ನನ್ನ ಅನುಭವ

ಶ್ರೀನಿವಾಸಪುರ, ಚಿಂತಾಮಣಿ ಕಡೆ ಬೋರ್ ಕೊರೆಯುವವರಿಗೆ ಈ ಕಾಟ ಗೊತ್ತೇ ಇರುತ್ತೆ. ಒಣ ಕಲ್ಲಿನಲ್ಲಿ ಕೊರೆದ ಪುಡಿ ಕಂಪ್ರೆಸರ್ ಗಾಳಿಗೆ ಜೋರಾಗಿ ಮೇಲೆ ಹಾರುತ್ತಿರುತ್ತೆ. ಸ್ವಲ್ಪ ತೇವ ಸಿಕ್ಕಿತೋ, ಪುಡಿ ನಿಂತೇ ಹೋಗುತ್ತೆ. ನೀರೂ ಮೇಲೆ ಬರುವುದಿಲ್ಲ.

ಹೀಗೇ ಒಮ್ಮೆ 640 ಅಡಿಯಲ್ಲಿ ನನ್ನ ರಾಡು, ಅಂದರೆ ಒಂದಕ್ಕೊಂದು ಜೋಡಿಸಿ ಇಳಿಸುವ ಕೊಳವೆ, ಹಿಡಿದುಕೊಂಡಿತು. ಎಳೆದಾಗ ನಡುವೆ ತುಂಡಾಯಿತು. ಕೆಳಗೆ ಗಾಳಿಯಿಂದ ಬಡಿಯುವ ಹ್ಯಾಮರ್, ಅದರ ತುದಿಯಲ್ಲಿ ಕಲ್ಲು ಒಡೆಯುವ ಬಿಟ್, 13 ರಾಡು ಭೂಮಿಯಲ್ಲೇ ಉಳಿದವು. ಎಲ್ಲಾ ಸೇರಿ ಮೂರು ಲಕ್ಷದ ಮೇಲೆ ಹೋಯಿತು. ಆ ರೈತನ ಹತ್ತಿರ ಕೊರೆದ ಅಡಿಗೆ ದುಡ್ಡು ಕೇಳೋಕೆ ನನಗೆ ಮನಸ್ಸು ಬರಲಿಲ್ಲ.

ಆಮೇಲೆ ದೊಡ್ಡ ಕಂಪ್ರೆಸರ್ ಬಾಡಿಗೆಗೆ ತಂದೆ. ಡೀಸೆಲ್ ಜಾಸ್ತಿ ಕುಡಿಯಿತು, ಕಾಟ ಅದೇ. ಗಾಳಿ ಕಡಿಮೆ ಇರಲಿಲ್ಲ. ಪುಡಿ ತೇವಕ್ಕೆ ಕಲಸಿದ ಹಿಟ್ಟಾಗಿ, ರಾಡಿನ ಸುತ್ತ ಬಳೆ ಹಾಗೆ ಕಟ್ಟಿಕೊಳ್ಳುತ್ತಿತ್ತು. ಅದರ ಕೆಳಗೆ ಎಷ್ಟು ಗಾಳಿ ತುಂಬಿದರೇನು?

ಹಾಗಾಗಿ ಗಾಳಿಯ ಜೊತೆ ಒಳಗೆ ನೀರು ಬಿಡೋಣ ಅಂದೆ. ಜೊತೆಗಾರರೆಲ್ಲ ಬೇಡ ಅಂದರು. "ಹ್ಯಾಮರ್ ಹಾಳಾಗುತ್ತೆ ಕಣಣ್ಣ" ಅಂತ ಒಬ್ಬ ಜಗಳಕ್ಕೇ ನಿಂತ. ಅವನು ಹೇಳಿದ್ದೂ ಸುಳ್ಳಲ್ಲ. ಹ್ಯಾಮರ್ ಸವೆಯದ ಹಾಗೆ ಬಿಡುವ ಎಣ್ಣೆಯನ್ನು ನೀರು ತೊಳೆದುಬಿಡುತ್ತೆ, ಮೊದಲ ಹ್ಯಾಮರ್‌ನ ಪಿಸ್ಟನ್‌ಗೆ ಗೀರು ಬಿತ್ತು. ಎಣ್ಣೆ ಹೆಚ್ಚುಕಡಿಮೆ ಎರಡರಷ್ಟು ಬಿಟ್ಟ ಮೇಲೆ ಸರಿಹೋಯಿತು. ಬರೀ ನೀರೂ ಸಾಲದು, ಪುಡಿಯನ್ನು ಮೇಲೆ ಹೊತ್ತು ತರೋಕೆ ನೊರೆ ಬರಿಸುವ ಫೋಮ್ ಬೇಕು. ದುಡ್ಡು ಉಳಿಸೋಣ ಅಂತ ಬಟ್ಟೆ ಸೋಪಿನ ಪುಡಿ ಹಾಕಿ ನೋಡಿದೆ, ಆಮೇಲೆ ಶಾಂಪೂ. ನೊರೆ ಮೇಲೆ ಬರೋಷ್ಟರಲ್ಲಿ ಒಡೆದುಹೋಗುತ್ತಿತ್ತು. ಈಗ ಫೋಮ್ ಜೊತೆ ಇನ್ನೊಂದು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಗಮನವೆಲ್ಲ ಪುಡಿಯ ಮೇಲಿರಬೇಕು. ಬೋರಿನ ಬಾಯಿಯ ಹತ್ತಿರ ಸಲಿಕೆ ಹಿಡಿದು, ಬಿದ್ದದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ರವೆ ಹಾಗಿದ್ದರೆ ಸರಿ. ಮೈದಾ ಹಾಗಾದರೆ ಕೆಳಗೆ ಅರೆದದ್ದನ್ನೇ ಅರೆಯುತ್ತಿದೆ ಅಂತ ಅರ್ಥ. ಬೆರಳಿಗೆ ಅಂಟಿದರೆ ತಡಮಾಡಬಾರದು. ತಕ್ಷಣ ಒತ್ತುವುದು ಬಿಟ್ಟು, ಹ್ಯಾಮರ್ ಒಂದಡಿ ಎತ್ತುತ್ತೇನೆ. ಬಡಿತ ನಿಂತು ಗಾಳಿಯೆಲ್ಲಾ ತೊಳೆಯೋಕೇ ಹೋಗುತ್ತೆ. ಜೊತೆಗೆ ನಿಮಿಷಕ್ಕೆ 8–10 ಲೀಟರ್ ಫೋಮ್ ನೀರು. ಎರಡು ಮೂರು ನಿಮಿಷದಲ್ಲಿ ಬೂದು ನೊರೆ ಉಕ್ಕುತ್ತೆ, ಅದರೊಳಗೆ ಹಿಟ್ಟಿನ ಉಂಡೆಗಳು. ಅದು ತೆಳುವಾಗುವವರೆಗೆ ಮತ್ತೆ ಒತ್ತುವುದಿಲ್ಲ.

ಅವತ್ತಿಂದ ಇಪ್ಪತ್ತರ ಮೇಲೆ ಬೋರ್ ಕೊರೆದಿದ್ದೇನೆ, ಒಂದು ರಾಡೂ ಒಳಗೆ ಬಿಟ್ಟಿಲ್ಲ. ಕಳೆದ ತಿಂಗಳು 1,180 ಅಡಿ ಹೋದೆವು. ಜಗಳಕ್ಕೆ ನಿಂತಿದ್ದವನು ಮೊನ್ನೆ ಬಂದು ಫೋಮ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ಒಂದು ಕ್ಯಾನ್ ನಾನೇ ಕೊಟ್ಟು ಕಳಿಸಿದೆ.